ಕಲಿಯುಗದ ಗಣನೆಯೂ ಕಲಿಧರ್ಮದ ವಿಚಾರವೂ

ಹಿಂದೂ ಗೃಹಗಳಲ್ಲಿ ಯಾವುದೊಂದು ಕರ್ಮಕ್ಕೂ ಮೊದಲು ಮಾಡುವ ಸಂಕಲ್ಪದಲ್ಲಿ ದೇಶಕಾಲಗಳ ಉಚ್ಚಾರಣೆಯುಂಟು. ಶ್ವೇತವರಾಹಕಲ್ಪ, ವೈವಸ್ವತ ಮನ್ವಂತರ, ಅದರಲ್ಲಿ 28ನೆಯ ಮಹಾಯುಗ, ಅದರ ಕಲಿಯುಗ, ಆ ಕಲಿಯ ಪ್ರಥಮಪಾದ ಎಂದು ಕಾಲವನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತ ಬಂದು, ಕಡೆಗೆ ಸಂವತ್ಸರ, ಮಾಸ, ತಿಥಿಗಳಲ್ಲಿ ನಿಲ್ಲಿಸುವರು. ಅದೇ ಮನೆಗಳಲ್ಲಿ ಮಳೆ ತಪ್ಪಿದಾಗ, ಮಕ್ಕಳು ಹಿರಿಯರ ಮಾತನ್ನು ಮೀರಿದಾಗ, ನ್ಯಾಯಸ್ಥಾನದಲ್ಲಿ ಸುಳ್ಳು ಗೆದ್ದಾಗ ‘ಇದು ಕಲಿಕಾಲ’ ಎಂಬ ನಿಟ್ಟುಸಿರೂ ಕೇಳಿಬರುವುದು. ಹೀಗೆ ಒಂದೇ ಶಬ್ದವು ಒಂದು ಕಡೆ ಕಾಲದ ಅಳತೆಯಾಗಿಯೂ ಇನ್ನೊಂದು ಕಡೆ ಕಾಲದ ಮೇಲಣ ತೀರ್ಪಾಗಿಯೂ ನಡೆದುಬಂದಿದೆ. ಈ ಎರಡರ ಚರಿತ್ರೆಯನ್ನು ಬೇರೆ ಬೇರೆಯಾಗಿ ನೋಡಿದಲ್ಲದೆ ಯುಗಕಲ್ಪನೆಯ ನಿಜಸ್ವರೂಪವು ತಿಳಿಯಲಾರದು.

ಯುಗವೆಂಬ ಮಾತಿಗೆ ವೇದದಲ್ಲಿ ನೊಗವೆಂದೂ, ಮಾನವರ ತಲೆಮಾರೆಂದೂ ಅರ್ಥವುಂಟು. ವೇದಾಂಗ ಜ್ಯೋತಿಷದ ಯುಗವು ಬರಿಯ 5 ವರ್ಷಗಳದು. ಸೂರ್ಯಚಂದ್ರರ ಗತಿಗಳನ್ನು ಹೊಂದಿಸುವುದಕ್ಕಾಗಿ ಮಾಡಿಕೊಂಡ ಚಕ್ರ ಅದು. ಕೃತ, ತ್ರೇತಾ, ದ್ವಾಪರ, ಕಲಿ ಎಂಬ ಹೆಸರುಗಳಾದರೋ ಮೊದಲು ಜೂಜಿನ ಲೆಕ್ಕಕ್ಕೆ ಸೇರಿದವು. ಎಲ್ಲಕ್ಕಿಂತಲೂ ಮೇಲಾದ ಗೆಲವು ಕೃತ. ಎಲ್ಲಕ್ಕಿಂತಲೂ ಕೀಳಾದುದು ಕಲಿ. ಮಹಾಭಾರತದ ನಳೋಪಾಖ್ಯಾನದಲ್ಲಿ ಕಲಿಯು ನಳನ ದೇಹವನ್ನು ಹೊಕ್ಕು, ಪಗಡೆಯಾಟದಿಂದಲೇ ಅವನ ರಾಜ್ಯವನ್ನು ಕಳೆಯಿಸುವ ಕಥೆಯಲ್ಲಿ ಈ ಹಳೆಯ ಸಂಬಂಧದ ನೆನಪು ಉಳಿದಿರುವುದು.

ಮನುಸ್ಮೃತಿಯಲ್ಲಿಯೂ ಮಹಾಭಾರತದ ವನಪರ್ವದಲ್ಲಿಯೂ ನಾಲ್ಕು ಯುಗಗಳ ಪರಿಮಾಣವು ಸ್ಪಷ್ಟವಾಗಿ ಬಂದಿದೆ. ಸಂಧ್ಯೆ ಮತ್ತು ಸಂಧ್ಯಾಂಶಗಳು ಸೇರಿ ಕೃತಕ್ಕೆ 4800, ತ್ರೇತೆಗೆ 3600, ದ್ವಾಪರಕ್ಕೆ 2400, ಕಲಿಗೆ 1200, ಅಂತು 12000 ವರ್ಷಗಳು. ಪುರಾಣಗಳು ಇವನ್ನು ದೇವಮಾನದ ವರ್ಷಗಳೆಂದು ವಿವರಿಸಿ, ಒಂದೊಂದಕ್ಕೂ 360 ಮಾನವ ವರ್ಷಗಳನ್ನು ಹಿಡಿದುವು. ಆಗ ಕಲಿಯುಗವು 4,32,000 ವರ್ಷಗಳಾಗಿ, ಮಹಾಯುಗವು 43,20,000 ವರ್ಷಗಳಾಗುವುದು. ಅಂಥ 71 ಮಹಾಯುಗಗಳು ಒಂದು ಮನ್ವಂತರ; 14 ಮನ್ವಂತರಗಳೂ ಅವುಗಳ ಸಂಧಿಗಳೂ ಕೂಡಿ ಬ್ರಹ್ಮನ ಒಂದು ಹಗಲು, ಎಂದರೆ 432 ಕೋಟಿ ವರ್ಷಗಳು. ಒಂದೊಂದು ಯುಗ ಕಳೆದಂತೆ ಧರ್ಮವೆಂಬ ವೃಷಭವು ಒಂದೊಂದು ಕಾಲನ್ನು ಕಳೆದುಕೊಳ್ಳುವುದೆಂಬ ರೂಪಕವು ಈ ಲೆಕ್ಕದೊಡನೆ ಬೆರೆತಿದೆ. 4, 3, 2, 1 ಎಂಬ ಇಳಿಯುವ ಸಂಖ್ಯೆಗಳಲ್ಲಿಯೇ ಧರ್ಮದ ಇಳಿತವನ್ನೂ ಕಂಡವರ ಕಲ್ಪನೆ ಇದು.

ಆದರೆ ಈ ಕಲಿಯು ಯಾವಾಗ ಮೊದಲಾಯಿತು? ಇದಕ್ಕೆ ನಿಶ್ಚಿತವಾದ ಉತ್ತರವನ್ನು ಕೊಟ್ಟವರು ಜ್ಯೋತಿಷಿಗಳು. ಆರ್ಯಭಟನು ತನಗೆ 23 ವರ್ಷಗಳಾದಾಗ ಕಲಿಯ 3600 ವರ್ಷಗಳು ಕಳೆದಿದ್ದುವೆಂದು ತನ್ನ ಗ್ರಂಥದಲ್ಲಿ ತಿಳಿಸಿದ್ದಾನೆ. ಅದು ಕ್ರಿ. ಶ. 499ನೆಯ ವರ್ಷ. ಅದರಿಂದ ಹಿಂದಕ್ಕೆ ಎಣಿಸಿದರೆ ಕಲಿಯ ಆದಿಯು ಕ್ರಿ. ಪೂ. 3102ನೆಯ ವರ್ಷದ ಫೆಬ್ರುವರಿ 17-18ರ ನಡುರಾತ್ರಿ ಅಥವಾ 18ರ ಸೂರ್ಯೋದಯಕ್ಕೆ ಬರುವುದು. ಗ್ರಹಗಳೆಲ್ಲವೂ ಅಂದು ಮೇಷರಾಶಿಯ ಆದಿಯಲ್ಲಿ ಕೂಡಿದ್ದುವೆಂದು ಸಿದ್ಧಾಂತಿಗಳು ಇಟ್ಟುಕೊಂಡರು. ಈಗಿನ ಗಣಿತದಂತೆ ನೋಡಿದರೆ, ಆ ದಿನ ಗ್ರಹಗಳು ಆಕಾಶದ ಒಂದು ಭಾಗದಲ್ಲಿ ನೆರೆದಿದ್ದರೂ ಒಂದೇ ಬಿಂದುವಿನಲ್ಲಿ ಇರಲಿಲ್ಲ. ಆದುದರಿಂದ ಆ ದಿನವು ಕಣ್ಣಾರೆ ಕಂಡು ಬರೆದಿಟ್ಟುದಲ್ಲವೆಂದೂ, ಗ್ರಹಗಳ ಮಧ್ಯಮಗತಿಯನ್ನು ಹಿಂದಕ್ಕೆ ಎಣಿಸಿ ಎಲ್ಲವೂ ಕೂಡುವ ಕ್ಷಣವನ್ನು ಗಣಿತದ ಮೂಲವಾಗಿ ಆರಿಸಿಕೊಂಡುದೆಂದೂ ಇತಿಹಾಸಜ್ಞರಲ್ಲಿ ಹೆಚ್ಚಿನವರು ಒಪ್ಪಿರುವರು. ಆರ್ಯಭಟನು ಸ್ಮೃತಿಯ ವಿಭಾಗವನ್ನು ಬಿಟ್ಟು ನಾಲ್ಕು ಯುಗಪಾದಗಳನ್ನೂ 10,80,000 ವರ್ಷಗಳಂತೆ ಸಮವಾಗಿ ಹಂಚಿದನು. ಇದು ಸ್ಮೃತಿವಿರುದ್ಧವೆಂದು ಬ್ರಹ್ಮಗುಪ್ತನು ಕ್ರಿ. ಶ. 628ರಲ್ಲಿ ರಚಿಸಿದ ತನ್ನ ಸಿದ್ಧಾಂತದಲ್ಲಿ ಆಕ್ಷೇಪಿಸಿದನು. ಯುಗದ ಲೆಕ್ಕದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲವೆಂಬ ಭಾವನೆಯು ಅಂದಿನ ವಿದ್ವಾಂಸರಿಗೆ ಇರಲಿಲ್ಲವೆಂಬುದು ಇದರಿಂದ ವಿಶದವಾಗುವುದು.

ಈ ಗಣನೆಯು ಶಿಲೆಯ ಮೇಲೆ ಮೂಡಿದ ಬಹು ಮುಖ್ಯವಾದ ನಿದರ್ಶನವು ಕನ್ನಡ ನಾಡಿನಲ್ಲಿಯೇ ಇರುವುದು. ಐಹೊಳೆಯ ಮೇಗುತಿ ಗುಡ್ಡದ ಜಿನಾಲಯದ ಗೋಡೆಯಲ್ಲಿ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಕವಿ ರವಿಕೀರ್ತಿಯು ಸಂಸ್ಕೃತದಲ್ಲಿ ಬರೆಯಿಸಿದ್ದಾನೆ. ಹರ್ಷವರ್ಧನನ ಪರಾಭವವನ್ನು ಹೇಳುವ ಈ ಶಾಸನವು ತನ್ನ ಕಾಲವನ್ನು ಎರಡು ವಿಧವಾಗಿ ಗುರುತಿಸುವುದು: ಭಾರತಯುದ್ಧದಿಂದ 3735 ವರ್ಷಗಳು, ಶಕರಾಜರ ಕಾಲದಿಂದ 556 ವರ್ಷಗಳು. ಎರಡರ ಅಂತರ 3179. ಕಲಿವರ್ಷಕ್ಕೂ ಶಕವರ್ಷಕ್ಕೂ ಪಂಚಾಂಗಗಳು ಇಂದಿಗೂ ಹಿಡಿಯುವ ಅಂತರವೇ ಅದು. ಕ್ರಿಸ್ತಶಕದಲ್ಲಿ ಹೇಳುವುದಾದರೆ ಅದು 634-35. ಜೈನಾಗಮಗಳಲ್ಲಿ ಕಾಲವನ್ನು ಅಳೆಯುವ ಕ್ರಮವೇ ಬೇರೆ. ಅವಸರ್ಪಿಣಿಯ ಆರು ಭಾಗಗಳಲ್ಲಿ ಐದನೆಯದಾದ 21,000 ವರ್ಷಗಳ ದುಃಷಮಕಾಲವು ಈಗ ನಡೆಯುತ್ತಿರುವುದೆಂದು ಅವು ಹೇಳುವುವು. ಆದರೂ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿಯು ಭಾರತಯುದ್ಧದ ವರ್ಷವನ್ನು ಕೊರೆಯಿಸಿದನು. ಆ ವೇಳೆಗೆ ಈ ಗಣನೆಯು ಒಂದು ಮತದ ಸ್ವತ್ತಾಗಿ ಉಳಿಯದೆ ವಿದ್ಯಾವಂತರೆಲ್ಲರಿಗೂ ಸಾಮಾನ್ಯವಾಗಿತ್ತು. ಮುಂದೆ ಗೋವೆಯ ಕದಂಬರ ಕೆಲವು ಶಾಸನಗಳಲ್ಲಿಯೂ ಕಲಿವರ್ಷವು ಬಂದಿದೆ. ಕೇರಳದ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯು ತನ್ನ ನಾರಾಯಣೀಯದ ಕೊನೆಯ ಮಾತಿನಲ್ಲಿ ಕಲಿಯ 1712210 ಎಂಬ ದಿನಸಂಖ್ಯೆಯನ್ನೇ ಅಕ್ಷರಗಳಲ್ಲಿ ಅಡಗಿಸಿಟ್ಟನು, ಅದು ಕ್ರಿ. ಶ. 1586ಕ್ಕೆ ಸರಿಹೋಗುವುದು.

ಭಾರತಯುದ್ಧವೂ ಕಲಿಯ ಆದಿಯೂ ಒಂದೇ ಕಾಲದವೆಂದು ಐಹೊಳೆಯ ಶಾಸನವು ಹಿಡಿದಿದ್ದರೂ ಎಲ್ಲರೂ ಹಾಗೆ ಹಿಡಿಯಲಿಲ್ಲ. ಯುಧಿಷ್ಠಿರನ ಕಾಲಕ್ಕೂ ಶಕಕಾಲಕ್ಕೂ 2526 ವರ್ಷಗಳ ಅಂತರವೆಂಬ ವೃದ್ಧಗರ್ಗನ ಮತವನ್ನು ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅನುಸರಿಸಿದನು. ಕ್ರಿ. ಶ. 1148ರಲ್ಲಿ ರಾಜತರಂಗಿಣಿಗೆ ಕೈಯಿಟ್ಟ ಕಲ್ಹಣನು ಇದನ್ನೇ ಒಪ್ಪಿ, ಕಲಿಯ 653 ವರ್ಷಗಳು ಕಳೆದಮೇಲೆ ಕುರುಪಾಂಡವರು ಇದ್ದರೆಂದು ಬರೆದನು. 653ಕ್ಕೆ 2526ನ್ನು ಕೂಡಿಸಿದರೆ ಮತ್ತೆ 3179 ಬರುವುದು. ಎಂದರೆ ಕಲಿಯ ಆದಿಯಲ್ಲಿ ಕಲ್ಹಣನಿಗೆ ಸಂದೇಹವಿರಲಿಲ್ಲ. ಯುದ್ಧದ ಕಾಲದಲ್ಲಿ ಮಾತ್ರ ಮತಭೇದವಿತ್ತು. ಪುರಾಣಗಳಾದರೋ ಶ್ರೀಕೃಷ್ಣನು ಲೋಕವನ್ನು ಬಿಟ್ಟ ದಿನವೇ ಕಲಿಯು ಕಾಲಿಟ್ಟಿತೆನ್ನುವುವು. ಗಣಿತದ ದಿನಕ್ಕೆ ಇತಿಹಾಸದ ಘಟನೆಯನ್ನು ಹೊಂದಿಸುವ ಕಾರ್ಯವು ಎಂದೂ ಸುಲಭವಾಗಿರಲಿಲ್ಲ.

ಇನ್ನು ಕಲಿಯ ಎರಡನೆಯ ಮುಖ. ಪುರಾಣಗಳ ಕಲಿವರ್ಣನೆಗಳಲ್ಲಿ ರಾಜರು ಪ್ರಜೆಗಳನ್ನು ಸುಲಿಯುವುದು, ತೆರಿಗೆಯ ಭಾರದಿಂದ ಜನರು ಕಾಡು ಬೆಟ್ಟಗಳಿಗೆ ಓಡುವುದು, ಬರಗಾಲ, ವರ್ಣಾಶ್ರಮಗಳ ಕದಡುವಿಕೆ ಇವು ಮತ್ತೆ ಮತ್ತೆ ಬರುವುವು. ಭವಿಷ್ಯದ ರೂಪದಲ್ಲಿ ಹೇಳಿದ್ದರೂ ಇವುಗಳಲ್ಲಿ ಗುಪ್ತರ ಉದಯಕ್ಕೆ ಮುಂಚಿನ ಶತಮಾನಗಳ ಕ್ಷೋಭೆಯೇ ಪ್ರತಿಬಿಂಬಿಸಿದೆಯೆಂದು ಕೆಲವು ಚರಿತ್ರಕಾರರ ಅಭಿಪ್ರಾಯ. ಧರ್ಮಶಾಸ್ತ್ರಕಾರರು ಇಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರು. ಕಲಿಯ ಜನರು ದುರ್ಬಲರಾದುದರಿಂದ ಹಿಂದಿನ ಯುಗಗಳಲ್ಲಿ ಸಲ್ಲುತ್ತಿದ್ದ ಕೆಲವು ಆಚಾರಗಳು ಈಗ ಸಲ್ಲವೆಂದು ವಿಧಿಸಿ ‘ಕಲಿವರ್ಜ್ಯ’ಗಳ ಪಟ್ಟಿಗಳನ್ನು ಮಾಡಿದರು. ನಿಯೋಗ, ಯಜ್ಞದಲ್ಲಿ ಗೋವಧೆ, ಸಮುದ್ರಯಾನ, ವಿಧವೆಯ ಪುನರ್ವಿವಾಹ ಮುಂತಾದುವು ಈ ಪಟ್ಟಿಗಳಲ್ಲಿ ಸೇರಿದುವು. ಮೂಲಸ್ಮೃತಿಯನ್ನು ಸುಳ್ಳೆನ್ನದೆಯೇ ಆಚಾರವನ್ನು ಬದಲಾಯಿಸಲು ಇದು ಜಾಣತನದ ಉಪಾಯವಾಗಿತ್ತು. ಆದರೆ ಈ ಉಪಾಯದಿಂದ ಬಾಗಿಲು ಮುಚ್ಚಿಹೋದುದು ಹೆಚ್ಚಾಗಿ ಯಾರಿಗೆಂಬುದನ್ನು ಪರಾಶರಸ್ಮೃತಿಯ ಚರ್ಚೆಯು ತೋರಿಸುವುದು.

ಕೃತಯುಗಕ್ಕೆ ಮನು, ತ್ರೇತೆಗೆ ಗೌತಮ, ದ್ವಾಪರಕ್ಕೆ ಶಂಖಲಿಖಿತರು, ಕಲಿಗೆ ಪರಾಶರ ಎಂದು ಆ ಸ್ಮೃತಿಯೇ ಹೇಳಿಕೊಳ್ಳುವುದು. ಅದರಲ್ಲಿಯೇ ಪತಿಯು ಕಾಣೆಯಾದರೆ, ಸತ್ತರೆ, ಸಂನ್ಯಾಸಿಯಾದರೆ, ನಪುಂಸಕನಾದರೆ, ಪತಿತನಾದರೆ ಸ್ತ್ರೀಗೆ ಬೇರೆ ಪತಿಯನ್ನು ವಿಧಿಸುವ ಶ್ಲೋಕವೂ ಉಂಟು. 14ನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಮಾಧವಾಚಾರ್ಯನು ಇದಕ್ಕೆ ವಿಸ್ತಾರವಾದ ವ್ಯಾಖ್ಯಾನವನ್ನು ಬರೆದು, ಈ ಶ್ಲೋಕವು ಬೇರೆ ಯುಗಕ್ಕೆ ಸೇರಿದುದೆಂದು ನಿರ್ಣಯಿಸಿದನು. ಪರಾಶರಮಾಧವೀಯವೆಂಬ ಆ ಗ್ರಂಥವು ದಕ್ಷಿಣದೇಶದಲ್ಲಿ ಪರಮಪ್ರಮಾಣವಾಯಿತು.

ಸುಮಾರು 500 ವರ್ಷಗಳ ತರುವಾಯ, ಕ್ರಿ. ಶ. 1855ರಲ್ಲಿ, ಬಂಗಾಳದ ಈಶ್ವರಚಂದ್ರ ವಿದ್ಯಾಸಾಗರರು ಅದೇ ಶ್ಲೋಕವನ್ನು ಮುಂದಿಟ್ಟುಕೊಂಡು ಎರಡು ಪುಸ್ತಕಗಳನ್ನು ಪ್ರಕಟಿಸಿದರು. ಕಲಿಧರ್ಮವನ್ನು ಹೇಳುವುದಕ್ಕೆಂದೇ ಹೊರಟ ಸ್ಮೃತಿಯು ನಡುವೆ ಒಂದು ಶ್ಲೋಕವನ್ನು ಮಾತ್ರ ಅನ್ಯಯುಗಕ್ಕಾಗಿ ಹೇಳಿತೆನ್ನುವುದು ಯುಕ್ತವಲ್ಲವೆಂದೂ, ಕಲಿವರ್ಜ್ಯದ ವಚನಗಳು ಪುರಾಣಗಳವಾದುದರಿಂದ ಸ್ಮೃತಿಯ ಎದುರಿಗೆ ನಿಲ್ಲಲಾರವೆಂದೂ ಅವರು ವಾದಿಸಿ, ಮಾಧವಾಚಾರ್ಯನ ನಿರ್ಣಯವನ್ನು ಖಂಡಿಸಿದರು. ಪಂಡಿತರಿಂದ ಪ್ರಬಲವಾದ ವಿರೋಧವು ಬಂದರೂ 1856ರ ಜುಲೈ ತಿಂಗಳಲ್ಲಿ ವಿಧವಾವಿವಾಹದ ಶಾಸನವು ಅಂಗೀಕೃತವಾಯಿತು. ಅದೇ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅದರಂತೆ ಮೊದಲನೆಯ ವಿವಾಹವು ನಡೆಯಿತು. ಬಾಲ್ಯದಲ್ಲಿಯೇ ಪತಿಯನ್ನು ಕಳೆದುಕೊಂಡ ಹೆಣ್ಣುಮಕ್ಕಳ ಬಾಳುವೆಯು ಒಂದು ಶ್ಲೋಕವು ಯಾವ ಯುಗದ್ದೆಂಬ ಪ್ರಶ್ನೆಯ ಮೇಲೆ ನಿಂತಿತ್ತೆಂಬುದನ್ನು ಮರೆಯಲಾಗದು. ಯುಗವಿಚಾರವು ವಿರಾಮಕಾಲದ ಪುರಾಣಶ್ರವಣವಾಗಿ ಮಾತ್ರ ಇದ್ದುದಿಲ್ಲ.

ಕಲಿಯನ್ನು ಹಳಿದ ಗ್ರಂಥಗಳೇ ಅದಕ್ಕೆ ಪ್ರತಿಯಾದ ಮಾತನ್ನೂ ಇಟ್ಟಿರುವುವು. ವಿಷ್ಣುಪುರಾಣದಲ್ಲಿ ವ್ಯಾಸರು ಗಂಗೆಯಲ್ಲಿ ಮುಳುಗಿ ಏಳುತ್ತ ಕಲಿಯೇ ಲೇಸೆಂದೂ, ಶೂದ್ರರೂ ಸ್ತ್ರೀಯರೂ ಧನ್ಯರೆಂದೂ ಹೇಳಿ, ದಡದಲ್ಲಿದ್ದ ಮುನಿಗಳನ್ನು ಬೆರಗುಗೊಳಿಸುವರು. ಹಿಂದಿನ ಯುಗಗಳಲ್ಲಿ ಧ್ಯಾನ, ಯಜ್ಞ, ಅರ್ಚನೆಗಳಿಂದ ಬಹುಕಾಲಕ್ಕೆ ದೊರೆಯುತ್ತಿದ್ದ ಫಲವು ಕಲಿಯಲ್ಲಿ ನಾಮಸಂಕೀರ್ತನದಿಂದಲೇ ದೊರೆಯುವುದೆಂಬುದು ಅಲ್ಲಿಯ ಸಿದ್ಧಾಂತ. ಕನ್ನಡ ಹರಿದಾಸರ ಕೀರ್ತನಪಂಥಕ್ಕೆ ಈ ನಂಬುಗೆಯೇ ಆಧಾರವಾಯಿತು. ಶಾಂತಿಪರ್ವದಲ್ಲಿ ಭೀಷ್ಮನು ಇನ್ನೂ ಮುಂದೆ ಹೋಗಿ, ಕಾಲವು ರಾಜನಿಗೆ ಕಾರಣವೋ ರಾಜನು ಕಾಲಕ್ಕೆ ಕಾರಣನೋ ಎಂಬ ಸಂಶಯವು ಬೇಡವೆಂದೂ, ರಾಜನೇ ಕಾರಣನೆಂದೂ ಯುಧಿಷ್ಠಿರನಿಗೆ ಉಪದೇಶಿಸುವನು. ದಂಡನೀತಿಯು ಪೂರ್ಣವಾಗಿ ನಡೆದರೆ ಅದೇ ಕೃತಯುಗ. ಅದನ್ನು ಕೈಬಿಟ್ಟರೆ ಅದೇ ಕಲಿ. ಮನುಸ್ಮೃತಿಯೂ ರಾಜನ ನಡತೆಯನ್ನೇ ಯುಗವೆಂದು ಕರೆದಿದೆ.

ಪಂಚಾಂಗದ ಲೆಕ್ಕದಂತೆ ಕ್ರಿ. ಶ. 2000ದ ಯುಗಾದಿಗೆ ಕಲಿಯ 5101 ವರ್ಷಗಳು ಕಳೆದು 4,26,899 ವರ್ಷಗಳು ಉಳಿದಿದ್ದುವು. ಗಣಿತಜ್ಞರು ಆರಿಸಿಕೊಂಡ ಈ ಅಳತೆಯು ಶಾಸನಗಳ ಕಾಲನಿರ್ಣಯಕ್ಕೂ ಗ್ರಹಗಣಿತಕ್ಕೂ ಮಾಡಿದ ಉಪಕಾರವು ದೊಡ್ಡದು. ಆದರೆ ಅನ್ಯಾಯವೊಂದು ಕಣ್ಣೆದುರಿಗೆ ನಿಂತಾಗ, ಉಳಿದ ನಾಲ್ಕು ಲಕ್ಷ ವರ್ಷಗಳನ್ನು ತೋರಿಸಿ ಸುಮ್ಮನಿರುವುದಕ್ಕೆ ಆ ಲೆಕ್ಕದಲ್ಲಿ ಆಧಾರವಿಲ್ಲ. ಭೀಷ್ಮನ ಮಾತಿನಲ್ಲಿ ಅದು ರಾಜನ ಹೊಣೆಯಾಗಿತ್ತು. ರಾಜರಿಲ್ಲದ ಪ್ರಜಾರಾಜ್ಯದಲ್ಲಿ ಆ ಹೊಣೆಯು ಪ್ರಜೆಗಳೆಲ್ಲರಿಗೂ ಹಂಚಿಬಂದಿದೆ.