ದಕ್ಕೆಗೂ ಧಕ್ಕೆಗೂ ನಡುವೆ ಒಂದು ಗಾಳಿಗುಂಡು

ಮರಾಠಿಯಲ್ಲಿ ‘ಧಕ್ಕಾ’ ಅಂದರೆ ದೋಣಿ ಹತ್ತುವ ಕಟ್ಟೆ. ನೂಕು, ಗುದ್ದು ಅನ್ನುವುದಕ್ಕೂ ಅದೇ ಮಾತು. ಮುಂಬಯಿಗೆ ಬಂದ ಹೊಸತರಲ್ಲಿ ‘ಭಾವೂಚಾ ಧಕ್ಕಾ’ ಎಂಬ ಹೆಸರು ಕೇಳಿ, ಯಾರೋ ಭಾವೂ ಯಾರನ್ನೋ ನೀರಿಗೆ ದೂಡಿರಬೇಕು ಅಂದುಕೊಂಡಿದ್ದೆ! ಲಕ್ಷ್ಮಣ ಹರಿಶ್ಚಂದ್ರ ಅಜಿಂಕ್ಯ, ಅಂದರೆ ಜನರ ಬಾಯಲ್ಲಿ ಭಾವೂ, 19ನೇ ಶತಮಾನದಲ್ಲಿ ಕಟ್ಟಿಸಿದ ಧಕ್ಕೆಯಿಂದ ಬಂದ ಹೆಸರು ಅದು ಅಂತ ಆಮೇಲೆ ಗೊತ್ತಾಯಿತು. ನಮ್ಮ ಕರಾವಳಿಯಲ್ಲಿ ಮಾತು ಎರಡಾಗಿದೆ. ಮಂಗಳೂರಿನ ದಕ್ಕೆ ಬೇರೆ, ದೋಣಿಯ ಮೈಗೆ ಆಗುವ ಧಕ್ಕೆ ಬೇರೆ. ಇವೆರಡರ ನಡುವೆ ಏನಿಡಬೇಕು ಅನ್ನುವುದು ಹಳೆಯ ಪ್ರಶ್ನೆ.

ಮೊನ್ನೆ ನನ್ನ ಸೋದರಳಿಯ ಅದನ್ನೇ ಕೇಳಿದ. ಮೂವರು ಗೆಳೆಯರ ಜೊತೆ ಸೇರಿ 27 ಅಡಿಯ ಹಳೆಯ ಮೋಟಾರು ದೋಣಿಯೊಂದನ್ನು ಕೊಂಡಿದ್ದಾನೆ. ಜೊತೆಗೆ ಕಿತ್ತಳೆ ಬಣ್ಣದ ಎರಡು ದೊಡ್ಡ ಬಾಲ್ ಫೆಂಡರ್ ಬಂದಿವೆ. “ಮಾವ, ಒಂದೊಂದೂ ಹಂಡೆಯಷ್ಟಿದೆ. ಕೂರಲಿಕ್ಕೆ ಜಾಗ ಇಲ್ಲ. ಸಪೂರ ಫೆಂಡರ್ ನಾಲ್ಕು ಇವೆಯಲ್ಲ, ಇವನ್ನು ಮಾರಿಬಿಡಲಾ?” ಮಸ್ಜಿದ್ ಬಂದರಿನ ಹತ್ತಿರದ ಹಡಗು ಸಾಮಾನಿನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನು ನಾನು, ಹಾಗಾಗಿ ಇಂಥವು ನನ್ನ ತಲೆಗೇ ಬರುತ್ತವೆ. ಮಾರಬೇಡ ಅಂದೆ. ಯಾಕೆ ಅಂತ ಫೋನಿನಲ್ಲಿ ಹೇಳಲು ಆಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲಿಷಿನ ‘ಡಿಫೆಂಡ್’ ಪದದ ತಲೆ ಕತ್ತರಿಸಿದರೆ ಫೆಂಡರ್. ಮೊದಲು ಇದ್ದದ್ದು ಮರದ ದಿಮ್ಮಿ, ಹಳೆಯ ಹಗ್ಗದ ಸುರುಳಿ, ನಾರಿನ ಉಂಡೆ. ಹಡಗು ಎಳೆಯುವ ಟಗ್‌ಗಳ ಮೂತಿಗೆ ಹಗ್ಗದಲ್ಲಿ ಹೆಣೆದ ದಪ್ಪ ಗಡ್ಡ ಇರುತ್ತಿತ್ತು. ನೋಡಲು ಚೆಂದ, ಆದರೆ ನೀರು ಕುಡಿದು ಭಾರವಾಗುತ್ತದೆ, ಕೊಳೆಯುತ್ತದೆ. ಮೋಟಾರು ಗಾಡಿಗಳು ಹೆಚ್ಚಿದ ಮೇಲೆ ಸವೆದ ಟೈರು ಬಂತು. ಗೇಟ್‌ವೇ ಮುಂದೆ ನಿಲ್ಲುವ ಲಾಂಚುಗಳ ಪಕ್ಕದಲ್ಲಿ ತೂಗುವುದನ್ನು ನೀವೂ ನೋಡಿರುತ್ತೀರಿ. ಖರ್ಚಿಲ್ಲ, ಕದಿಯುವವರೂ ಇಲ್ಲ. ಆದರೆ ಟೈರಿನ ಜೀವವೇ ಗಾಳಿ. ದೋಣಿಗೆ ಬರುವ ಹೊತ್ತಿಗೆ ಅದೇ ಇರುವುದಿಲ್ಲ!

ಗಾಳಿ ತುಂಬಿದ ಗುಂಡು ಬಂದದ್ದು ಬಂದರಿನಿಂದಲ್ಲ, ಮೀನುಗಾರರ ಬಲೆಯಿಂದ. ಬಲೆ ತೇಲಿಸಲು ಹಿಂದೆ ಉಬ್ಬಿಸಿದ ಪ್ರಾಣಿಚರ್ಮ ಕಟ್ಟುತ್ತಿದ್ದರು. 1840ರ ದಶಕದಲ್ಲಿ ನಾರ್ವೆಯವರು ಗಾಜಿನ ಗುಂಡು ಮಾಡಿದರು. ಗಾಜು ಗಾಜೇ, ಒಡೆಯುತ್ತದೆ. ಅದೇ ನಾರ್ವೆಯ ಓಲೆಸುಂಡ್ ಎಂಬ ಮೀನುಗಾರರ ಊರಿನಲ್ಲಿ 1955ರಲ್ಲಿ ಶುರುವಾದ ಪಾಲಿಫಾರ್ಮ್ ಕಂಪನಿ ಪ್ಲಾಸ್ಟಿಕ್ಕಿನ ಗಾಳಿಗುಂಡು ತಂದಿತು. ಇವತ್ತಿಗೂ ಒಂದೇ ಗುಂಡು ಬಲೆಯ ತೇಲುಗುಂಡು ಅಂತಲೂ ಫೆಂಡರ್ ಅಂತಲೂ ಮಾರಾಟವಾಗುತ್ತದೆ.

ಇದಕ್ಕಿಂತ ವಿಚಿತ್ರವಾದ ಕಥೆ ದಕ್ಷಿಣ ಧ್ರುವದ ಕಡೆಯದು. 1925ರಿಂದ ಅಲ್ಲಿ ತಿಮಿಂಗಿಲವನ್ನು ಹಿಂಭಾಗದ ಜಾರುಬಂಡೆಯಿಂದ ಮೇಲೆಳೆದು ಅಲ್ಲೇ ಕತ್ತರಿಸುವ ಕಾರ್ಖಾನೆ ಹಡಗುಗಳು ಬಂದವು. ಎಣ್ಣೆ ಸಾಗಿಸುವ ಹಡಗು ನಡುಗಡಲಿನಲ್ಲೇ ಇದರ ಪಕ್ಕಕ್ಕೆ ಬಂದು ನಿಲ್ಲಬೇಕು. ಉಬ್ಬು ಅಲೆಯಲ್ಲಿ ಎರಡು ಕಬ್ಬಿಣದ ಗೋಡೆಗಳು ಗುದ್ದಾಡಿದರೆ? ನಡುವೆ ಅವರು ಇಟ್ಟದ್ದು ಗಾಳಿ ತುಂಬಿಸಿದ ಸತ್ತ ತಿಮಿಂಗಿಲ! ಕ್ರೂರ ಉಪಾಯ. ಆದರೆ ಹಗ್ಗ, ಮರಗಳಿಂದ ಆಗದ್ದು ಗಾಳಿಯಿಂದ ಆಗುತ್ತದೆ ಅಂತ ಅವರಿಗೆ ತಿಳಿದಿತ್ತು. 1958ರಲ್ಲಿ ಜಪಾನಿನ ಯೋಕೊಹಾಮಾ ರಬ್ಬರ್ ಕಂಪನಿ ನೀರಲ್ಲಿ ತೇಲುವ, ಗಾಳಿ ತುಂಬುವ ರಬ್ಬರ್ ಫೆಂಡರ್ ಮಾಡಿತು. ಈಗ 4.5 ಮೀಟರ್ ಅಡ್ಡಳತೆಯವೂ ಸಿಗುತ್ತವೆ.

ನಮ್ಮ ಲಾಂಚುಗಳಲ್ಲಿ ಟೈರಿನ ಜೊತೆ ಇನ್ನೊಂದು ಫೆಂಡರ್ ಇರುತ್ತಿತ್ತು, ಖಲಾಸಿಯ ಕಾಲು. ದೋಣಿ ಕಲ್ಲಿಗೆ ಹತ್ತಿರವಾದಂತೆ ಹುಡುಗ ಅಂಚಿನಲ್ಲಿ ಕೂತು ಕಾಲು ಚಾಚಿ ಒದೆಯುತ್ತಿದ್ದ. 1986ರಲ್ಲಿ, ಮಳೆಗಾಲ ಮುಗಿದು ದೋಣಿ ಬಿಟ್ಟ ಮೊದಲ ವಾರ, ಹೊನ್ನಾವರದ ಕಡೆಯ ಹುಡುಗನೊಬ್ಬ ನನ್ನ ಕಣ್ಣೆದುರೇ ಹಾಗೆ ಕಾಲು ಕೊಟ್ಟ. ಹಿಂದಿನಿಂದ ಒಂದು ಅಲೆ ಬಂತು. ಅವನ ಕನ್ನಡದ ಕೂಗು ಆ ಮೆಟ್ಟಿಲ ಮೇಲೆ ಅರ್ಥವಾದದ್ದು ನನ್ನೊಬ್ಬನಿಗೇ. ಮತ್ತೆ ಅವನು ದೋಣಿ ಹತ್ತಲಿಲ್ಲ. ಊರಿನಲ್ಲಿ ಅಂಗಡಿ ಹಾಕಿಕೊಂಡ ಅಂತ ಕೇಳಿದೆ.

ಲೆಕ್ಕ ಬರೆದವನಾದ್ದರಿಂದ ಒಂದು ಲೆಕ್ಕ. ಅಳಿಯನ ದೋಣಿ ಸುಮಾರು 3 ಟನ್. ಸೆಕೆಂಡಿಗೆ ಅರ್ಧ ಮೀಟರ್, ಅಂದರೆ ಅಜ್ಜನ ನಡಿಗೆಗಿಂತ ನಿಧಾನವಾಗಿ ಬಂದು ತಾಗಿತು ಅನ್ನಿ. ಸಪೂರ ಫೆಂಡರ್ 5 ಸೆಂಟಿಮೀಟರ್ ತಗ್ಗಿ ಅದನ್ನು ನಿಲ್ಲಿಸಬೇಕಾದರೆ ಸರಾಸರಿ 765 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. 20 ಅಂಗುಲದ ಗುಂಡು 20 ಸೆಂಟಿಮೀಟರ್ ತಗ್ಗುತ್ತದೆ ಅಂದರೆ ಒತ್ತಡ 190 ಕಿಲೋಗೆ ಇಳಿಯುತ್ತದೆ. ಕಾಲು ಎಷ್ಟು ತಗ್ಗೀತು, ನೀವೇ ಹೇಳಿ.

ತೇಲುವ ಜೆಟ್ಟಿಯಲ್ಲೇ ಸದಾ ಕಟ್ಟುವವರಿಗೆ ಸಪೂರದವೇ ಸಾಕು, ಒಪ್ಪುತ್ತೇನೆ. ಜೆಟ್ಟಿ ದೋಣಿಯ ಜೊತೆಗೇ ಏರುತ್ತದೆ, ಇಳಿಯುತ್ತದೆ. ಮುಂಬಯಿಯಲ್ಲಿ ಹಾಗಲ್ಲ. ದೊಡ್ಡ ಭರತದ ದಿನ ನೀರು 5 ಮೀಟರಿನ ಹತ್ತಿರ ಏರಿಳಿಯುತ್ತದೆ, ಪಕ್ಕದಲ್ಲಿ ಕಲ್ಲಿನ ಮೆಟ್ಟಿಲು, ಮೇಲೆ ಬೇರೆ ಲಾಂಚು ಎಬ್ಬಿಸಿದ ಅಲೆ. ಮೋಟಾರು ದೋಣಿಯ ಮೂತಿ ಮೇಲೆ ಅಗಲ, ಕೆಳಗೆ ಕಿರಿದು. ಅಲ್ಲಿ ಸಪೂರ ಫೆಂಡರ್ ಗಾಳಿಯಲ್ಲಿ ನೇತಾಡುತ್ತದೆ, ಕಲ್ಲಿಗೆ ತಾಗುವುದು ಮೂತಿಯೇ. ಆ ಸಂದನ್ನು ತುಂಬುವುದು ಗುಂಡು ಮಾತ್ರ. ಇನ್ನೊಂದು ದೋಣಿಯ ಪಕ್ಕಕ್ಕೆ ಕಟ್ಟುವಾಗಲೂ ಅಷ್ಟೇ.

ತೊಂದರೆ ಇಲ್ಲ ಅಂತಲ್ಲ. ಒಂದೇ ಹಗ್ಗದಲ್ಲಿ ತೂಗುವುದರಿಂದ ಕಂಬಕ್ಕೆ ತಾಗಿದರೆ ಉರುಳಿ ಪಕ್ಕಕ್ಕೆ ಸರಿಯುತ್ತದೆ. ಕೈಹಿಡಿಯುವ ಕಂಬಿಗೆ ಕಟ್ಟಿದರೆ ಕಂಬಿಯೇ ಬಾಗುತ್ತದೆ, ಲಂಗರು ಹಗ್ಗ ಸುತ್ತುವ ಗಟ್ಟಿ ಕೊಂಬಿಗೇ ಕಟ್ಟಬೇಕು. ಗಾಳಿ ಸುಮಾರು 2 ಪಿಎಸ್‌ಐ ಸಾಕು, ಕಾರಿನ ಟೈರಿನಷ್ಟು ಬಿಗಿ ಮಾಡಿದರೆ ಅದೂ ಕಲ್ಲೇ ಆಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಇನ್ನಷ್ಟು ಉಬ್ಬುತ್ತದೆ ಬೇರೆ.

ನಿನ್ನೆ ಅಳಿಯ ಮತ್ತೆ ಫೋನ್ ಮಾಡಿದ್ದ. “ಇಟ್ಟುಕೊಳ್ತೇನೆ ಮಾವ, ಆದರೆ ನಾಲ್ಕು ಜನ ಕೂತರೆ ಗುಂಡಿಗೆ ಜಾಗ ಇಲ್ಲವಲ್ಲ?” ಒಬ್ಬನನ್ನು ದಡದಲ್ಲೇ ಬಿಟ್ಟು ಹೋಗು ಅಂದೆ.