ರಾಣೇಬೆನ್ನೂರು ಕೃಷ್ಣಮೃಗ ಧಾಮ

ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕಿನಲ್ಲಿರುವ ವನ್ಯಜೀವಿಧಾಮ. ವಿಸ್ತಾರ ಸುಮಾರು 119 ಚದರ ಕಿ.ಮೀ. ಕೃಷ್ಣಮೃಗಗಳ ರಕ್ಷಣೆಗೆಂದು 1974ರ ಜೂನ್‌ನಲ್ಲಿ ಘೋಷಣೆಯಾಯಿತು. ಆಗ ಈ ಸೀಮೆ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹುಲ್ಲತ್ತಿ, ಹುಣಸಿಕಟ್ಟಿ, ಆಲಗೇರಿ ಎಂದು ಮೂರು ಭಾಗ ಮಾಡಲಾಗಿದ್ದು, ನಡುವಿನ ಸುಮಾರು 15 ಚದರ ಕಿ.ಮೀ. ತಿರುಳು ಪ್ರದೇಶದಲ್ಲಿ ರಕ್ಷಣೆ ಬಿಗಿಯಾಗಿದೆ.

ಪುಣೆ–ಬೆಂಗಳೂರು ಹೆದ್ದಾರಿ (ಹಿಂದಿನ 4, ಈಗಿನ 48) ಹಾವೇರಿ, ಮೋಟೆಬೆನ್ನೂರು ದಾಟಿ ರಾಣೇಬೆನ್ನೂರಿಗೆ ಬರುತ್ತದೆ. ಮೋಟೆಬೆನ್ನೂರಿನಲ್ಲಿ ಕವಲೊಡೆದ ದಾರಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗುತ್ತದೆ. ಈ ದಾರಿಯಲ್ಲಿ ದಿನಾ ಓಡಾಡುವ ಸಾವಿರಾರು ಜನರಲ್ಲಿ ಹೆಚ್ಚಿನವರಿಗೆ ರಾಣೇಬೆನ್ನೂರು ಎಂದರೆ ಬಿತ್ತನೆ ಬೀಜದ ಊರು, ಹತ್ತಿಯ ಊರು. ಊರಿನಿಂದ ಕೆಲವೇ ಕಿ.ಮೀ. ಆಚೆ ಚಿಗರಿಗಳ (ಕೃಷ್ಣಮೃಗಗಳ) ಹಿಂಡು ಮೇಯುತ್ತಿರುತ್ತದೆ ಎಂಬುದು ಅವರ ಗಮನಕ್ಕೇ ಬರುವುದಿಲ್ಲ.

ರಾಣೇಬೆನ್ನೂರಿನ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಭೂವಿಜ್ಞಾನಿಗಳು ಧಾರವಾಡ ಶಿಲಾಸಮೂಹದ ಒಂದು ಭಾಗಕ್ಕೆ ಈ ಊರಿನ ಹೆಸರನ್ನೇ ಇಟ್ಟು ‘ರಾಣೇಬೆನ್ನೂರು ಉಪಗುಂಪು’ ಎನ್ನುತ್ತಾರೆ. ಕಾನೂನಿನ ಪ್ರಕಾರ ರಾಣೇಬೆನ್ನೂರು ರಾಷ್ಟ್ರೀಯ ಉದ್ಯಾನವಲ್ಲ, ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉದ್ಯಾನ ಮತ್ತು ಧಾಮಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ. ಉದ್ಯಾನದಲ್ಲಿ ದನಕರು ಮೇಯಿಸುವಂತಿಲ್ಲ, ಧಾಮದಲ್ಲಿ ಷರತ್ತಿನ ಮೇಲೆ ಬಿಡಬಹುದು. ಸುತ್ತಲೂ ಊರು, ಹೊಲಗಳಿರುವ ಕಡೆ ಇದು ಸಣ್ಣ ವಿಷಯವಲ್ಲ.

ಕೃಷ್ಣಮೃಗ ಬಯಲಿನ ಪ್ರಾಣಿ, ದಟ್ಟ ಕಾಡು ಅದಕ್ಕೆ ಒಗ್ಗುವುದಿಲ್ಲ. ಅಪಾಯವನ್ನು ದೂರದಿಂದಲೇ ಕಂಡು ಓಡುವುದೇ ಅದರ ರಕ್ಷಣೆ. ಹೆಣ್ಣಿಗೆ ಕಂದು ಮೈ, ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಬಲಿತ ಗಂಡಿನ ಬೆನ್ನು ಕಡುಗಪ್ಪು, ಹೊಟ್ಟೆ ಬಿಳಿ, ಕಣ್ಣ ಸುತ್ತ ಬಿಳಿ ಬಳೆ, ತಿರುಚಿದ ಉದ್ದ ಕೊಂಬು. ಬೆದೆಯ ಕಾಲದಲ್ಲಿ ಗಂಡು ಒಂದಿಷ್ಟು ಜಾಗವನ್ನು ತನ್ನದೆಂದು ಹಿಡಿದು, ಅಲ್ಲಲ್ಲಿ ಹಿಕ್ಕೆಯ ಗುಡ್ಡೆ ಹಾಕಿ ಗುರುತು ಮಾಡುತ್ತದೆ. ಹೆಣ್ಣು ಹತ್ತಿರ ಬಂದರೆ ಮೂಗು ಮೇಲೆತ್ತಿ, ಕೊಂಬು ಬೆನ್ನಿಗೆ ತಾಗುವಂತೆ ತಲೆಯನ್ನು ಹಿಂದಕ್ಕೆ ಚೆಲ್ಲಿ ಬಿಂಕದಿಂದ ನಡೆಯುತ್ತದೆ. ಹಿಂಡು ಬೆದರಿದಾಗ ಮೊದಲು ಒಂದು ನೆಗೆಯುತ್ತದೆ, ಹಿಂದೆಯೇ ಒಂದೊಂದಾಗಿ ಎಲ್ಲವೂ ನೆಗೆದು, ಆಮೇಲೆ ಓಟ ಹಿಡಿಯುತ್ತವೆ. ಈ ಓಟಕ್ಕೆ ಸರಿಸಾಟಿಯಾಗಿದ್ದದ್ದು ಚೀತಾ ಒಂದೇ. ಪಕ್ಕದ ಕೊಲ್ಹಾಪುರ ಸಂಸ್ಥಾನದಲ್ಲಿ ಚೀತಾಗಳನ್ನು ಪಳಗಿಸಿ ಚಿಗರಿ ಬೇಟೆಗೆ ಬಿಡುತ್ತಿದ್ದರು. ನಮ್ಮ ದೇಶದ ಚೀತಾ ನಿರ್ನಾಮವಾಯಿತೆಂದು 1952ರಲ್ಲಿ ಸಾರಲಾಯಿತು. ಈಗ ಇಲ್ಲಿ ಚಿಗರಿಯ ಬೆನ್ನಟ್ಟುವುದು ತೋಳ.

ಧಾಮವಾಗುವ ಮೊದಲೇ ಇಲ್ಲಿನ ಕುರುಚಲು ಮತ್ತು ಹುಲ್ಲುಗಾವಲಿನ ಬಹುಭಾಗದಲ್ಲಿ ನೀಲಗಿರಿ ನೆಡಲಾಗಿತ್ತು. ಮರವಿಲ್ಲದ ನೆಲವೆಂದರೆ ಬೀಳು ನೆಲ ಎಂಬ ಎಣಿಕೆ ಆಡಳಿತದಲ್ಲಿ ಆಳವಾಗಿ ಬೇರೂರಿದ್ದ ಕಾಲವದು. ಇದೇ ತಾಲ್ಲೂಕಿನ ಕುಮಾರಪಟ್ಟಣಂನಲ್ಲಿ 1970ರ ದಶಕದಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿಯೇ ಮುಖ್ಯ ಕಚ್ಚಾವಸ್ತು. ಮುಂದೆ 1984ರಲ್ಲಿ ಸರ್ಕಾರ ಈ ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪಿಸಿ, ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ಇಂಥ ಮರ ಬೆಳೆಸಲು ಹೊರಟಿತು. ಅದು ದನ ಮೇಯುವ, ಉರುವಲು ಆರಿಸುವ ಊರ ಗೋಮಾಳ. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಅವರು ಹೋರಾಟ ಕಟ್ಟಿದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೊರೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು, ಜನರಿಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ–ಹಚ್ಚಿಕೋ’ ಎಂದು ಹೆಸರಾದ ಸತ್ಯಾಗ್ರಹವಿದು. ಕೊನೆಗೆ ಆ ಕಂಪನಿ ಮುಚ್ಚಿತು. ಹಾವೇರಿ ಸೀಮೆಯ ಹುಲ್ಲುನೆಲದ ಕಥೆಯನ್ನು ಈ ಹೋರಾಟ ಬಿಟ್ಟು ಬರೆಯಲಾಗದು.

ಧಾಮದ ಕೃಷ್ಣಮೃಗಗಳ ಮೊದಲ ವಿವರವಾದ ಅಧ್ಯಯನಗಳಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರದು ಮುಖ್ಯ. 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಿಗೆ ಮರ ನೆಡಿಸಿದವರೂ ಇವರೇ. ಬೇಟೆಗೆ ತಡೆ ಬಿದ್ದ ಮೇಲೆ ಚಿಗರಿಗಳ ಸಂಖ್ಯೆ ಏರಿ ಸಾವಿರಗಳಿಗೆ ಮುಟ್ಟಿತು. ಹಗಲು ನೀಲಗಿರಿಯ ಮರೆ, ರಾತ್ರಿ ಮತ್ತು ನಸುಕಿನಲ್ಲಿ ರೈತರ ಹೊಲ ಎಂದು ಅವು ಬದುಕು ಬದಲಿಸಿಕೊಂಡವು. ಮೊಳಕೆಯ ಮೆಕ್ಕೆಜೋಳ, ಶೇಂಗಾ, ಜೋಳಕ್ಕೆ ಹಿಂಡು ಬಿದ್ದರೆ ಬಿತ್ತಿದವನ ಗತಿ ಕೇಳುವಂತಿಲ್ಲ. ಸರ್ಕಾರದ ಪರಿಹಾರವಿದೆ. ಆದರೆ ಮತ್ತೆ ಬಿತ್ತುವ ಹದ ಪರಿಹಾರಕ್ಕಾಗಿ ಕಾಯುವುದಿಲ್ಲ. ಇಷ್ಟಾದರೂ ಚಿಗರಿ ಉಳಿದಿರುವುದರಲ್ಲಿ ಈ ರೈತರ ಸೈರಣೆಯ ಪಾಲು ದೊಡ್ಡದು.

ಎರೆಭೂತ ಹಕ್ಕಿಯ ಪಾಡು ಬೇರೆಯಾಯಿತು. ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ, ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲಿ ಒಂದಾದ ಇದು ಒಂದು ಕಾಲಕ್ಕೆ ಈ ಧಾಮದ ಹೆಗ್ಗಳಿಕೆಯಾಗಿತ್ತು. ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಸುತ್ತ ದೂರದವರೆಗೆ ಕಾಣದಿದ್ದರೆ ಅಲ್ಲಿ ನಿಲ್ಲುವುದಿಲ್ಲ. ನೀಲಗಿರಿಯ ಸಾಲುಗಳ ನಡುವೆ ಚಿಗರಿ ಹೇಗೋ ಹೊಂದಿಕೊಂಡಿತು, ಹಕ್ಕಿಗೆ ಅದು ಸಾಧ್ಯವಾಗಲಿಲ್ಲ. ಇಂದು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಮಾತ್ರ ಬೆರಳೆಣಿಕೆಯಷ್ಟು ಉಳಿದಿವೆ.

ಜಿಲ್ಲೆಯ ಬಂಕಾಪುರ ಕೋಟೆಯೊಳಗೆ ನವಿಲು ಧಾಮವಿದೆ. ರಾಣೇಬೆನ್ನೂರಿನಿಂದ ಹುಬ್ಬಳ್ಳಿ ಕಡೆ ಹೋಗುವವರು ಎರಡನ್ನೂ ಒಂದೇ ದಿನ ನೋಡಬಹುದು.

ಕೃಷ್ಣಮೃಗ ಧಾಮಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಬೇಕು. ಮಳೆಗಾಲ ಕಳೆದ ಮೇಲೆ, ಬೆಳಗಿನ ಅಥವಾ ಇಳಿಹೊತ್ತಿನ ಬಿಸಿಲಿನಲ್ಲಿ ಹಿಂಡುಗಳು ಚೆನ್ನಾಗಿ ಕಾಣುತ್ತವೆ. ವಾಹನದ ವೇಗ ತಗ್ಗಿಸಿ, ಹಾರ್ನ್ ಹಾಕಬೇಡಿ, ಬೆನ್ನಟ್ಟಿ ಫೋಟೊ ತೆಗೆಯಬೇಡಿ. ನೀಲಗಿರಿಯನ್ನು ಹಂತಹಂತವಾಗಿ ತೆಗೆದು ಹುಲ್ಲುಗಾವಲನ್ನು ಮರಳಿ ಬೆಳೆಸುವುದೇ ಈ ಧಾಮಕ್ಕೆ ಇಂದು ಆಗಬೇಕಾದ ಮೊದಲ ಕೆಲಸ.