ಹೆಜ್ಜಾರ್ಲೆ ಮತ್ತು ಕೊಆಲಾ: ಚೀಲ ಎರಡು, ಕೆಲಸ ಬೇರೆ

ಆದವಾನಿ, ಆಲೂರು, ಕೋಸಿಗಿ, ಮಂತ್ರಾಲಯ ಕಡೆಯ ನಮ್ಮ ಮಕ್ಕಳಿಗೆ ಓದಿ ಹೇಳಲು ಅನುಕೂಲವಾಗಲೆಂದು ಈ ಮಾಹಿತಿ. ಹೆಜ್ಜಾರ್ಲೆ ದೊಡ್ಡ ನೀರುಹಕ್ಕಿ. ಕೊಆಲಾ ಆಸ್ಟ್ರೇಲಿಯಾದಲ್ಲಿ ಮರದ ಮೇಲೆ ಬಾಳುವ ಪ್ರಾಣಿ. ಎರಡಕ್ಕೂ ಮೈಯಲ್ಲೇ ಚೀಲವಿದೆ.

ಹೆಸರು: ಇಂಗ್ಲಿಷಿನವರ ಪೆಲಿಕನ್ನೇ ನಮ್ಮ ಹೆಜ್ಜಾರ್ಲೆ. ತೆಲುಗಿನಲ್ಲಿ ಗೂಡಬಾತು. ಗೂಡ ಎಂದರೆ ಹೊಲಕ್ಕೆ ನೀರೆತ್ತುವ ಬುಟ್ಟಿ. ಕೊಆಲಾವನ್ನು ಕೆಲವರು ಕರಡಿ ಎನ್ನುತ್ತಾರೆ. ಅದು ಕರಡಿಯಲ್ಲ, ಕಾಂಗರೂವಿನಂತೆ ಹೊಟ್ಟೆಚೀಲದ ಪ್ರಾಣಿ.

ಗಾತ್ರ: ನಮ್ಮಲ್ಲಿ ಗೂಡು ಕಟ್ಟುವ ಚುಕ್ಕೆಕೊಕ್ಕಿನ ಹೆಜ್ಜಾರ್ಲೆಯ ಉದ್ದ ಸುಮಾರು 125ರಿಂದ 150 ಸೆಂ.ಮೀ., ತೂಕ 4ರಿಂದ 6 ಕೆ.ಜಿ. ಕೊಆಲಾದ ಉದ್ದ 60ರಿಂದ 85 ಸೆಂ.ಮೀ., ತೂಕ 4ರಿಂದ 15 ಕೆ.ಜಿ.

ಚೀಲ: ಹೆಜ್ಜಾರ್ಲೆಯ ಚೀಲ ಕೊಕ್ಕಿನ ಕೆಳಗೆ ಜೋತಿರುತ್ತದೆ. ಮೀನನ್ನು ನೀರಿನ ಸಮೇತ ಬಾಚಿ, ನೀರು ಬಸಿದು, ಮೀನು ನುಂಗುತ್ತದೆ. ಅದು ಬಲೆಯೇ ಹೊರತು ಬುತ್ತಿಚೀಲವಲ್ಲ. ಕೊಆಲಾದ ಚೀಲ ಹೆಣ್ಣಿಗೆ ಮಾತ್ರ, ಹೊಟ್ಟೆಯ ಮೇಲೆ. ಅದು ಮರಿಯ ತೊಟ್ಟಿಲು.

ಮರಿ: ಹೆಜ್ಜಾರ್ಲೆ ಮೊಟ್ಟೆಗೆ ಸುಮಾರು ಒಂದು ತಿಂಗಳು ಕಾವು ಕೊಡುತ್ತದೆ. ಮರಿ ತಾಯಿ ತಂದೆಯರ ಗಂಟಲಿಗೆ ತಲೆ ತೂರಿಸಿ ಮೀನು ತಿನ್ನುತ್ತದೆ. ಕೊಆಲಾ ಗರ್ಭ ಧರಿಸುವುದು 35 ದಿನದಷ್ಟೇ. ಹುಟ್ಟುವಾಗ ಮರಿ 2 ಸೆಂ.ಮೀ.ನಷ್ಟು, ಒಂದು ಗ್ರಾಂ ಸಹ ತೂಗದು. ತಾನೇ ತೆವಳಿ ಚೀಲ ಸೇರಿ, ಆರೇಳು ತಿಂಗಳು ಅಲ್ಲೇ ಹಾಲು ಕುಡಿದು ಬೆಳೆಯುತ್ತದೆ. ಆಮೇಲೆ ತಾಯಿಯ ಬೆನ್ನೇರುತ್ತದೆ.

ಮರ: ಇಲ್ಲಿ ಎರಡರ ಪಾಡೂ ಒಂದೇ. ನಾವು ಸೌದೆಗೂ ಕಾಗದಕ್ಕೂ ಬೆಳೆಸುವ ನೀಲಗಿರಿ ಮರದ ತವರು ಆಸ್ಟ್ರೇಲಿಯಾ. ಅದರ ಎಲೆಯೇ ಕೊಆಲಾದ ಊಟ. ಕಾಡು ಕಡಿದದ್ದು, 2019–20ರ ಕಾಡ್ಗಿಚ್ಚು ಇವೆಲ್ಲ ಸೇರಿ, ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ರಾಜಧಾನಿ ಪ್ರದೇಶದ ಕೊಆಲಾಗಳನ್ನು 2022ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕಾಯಿತು.

ಹೆಜ್ಜಾರ್ಲೆಗೆ ಮೀನು ನೀರಿನಲ್ಲಿ, ಗೂಡು ಮರದಲ್ಲಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತದೆ. ಆ ಊರನ್ನು ಹೊರಗಿನವರಿಗೆ 1976ರಲ್ಲಿ ಪರಿಚಯಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್. ಗೂಡಿರುವ ಮರದ ಹುಣಸೆಹಣ್ಣನ್ನು ಊರವರು ಬಿಟ್ಟುಕೊಟ್ಟರು, ಅರಣ್ಯ ಇಲಾಖೆ ಅದಕ್ಕೆ ಪರಿಹಾರ ಕೊಡತೊಡಗಿತು. ಬಿದ್ದ ಮರಿಗಳನ್ನು ಅಲ್ಲಿನ ಹೆಜ್ಜಾರ್ಲೆ ಬಳಗದವರು ಸಾಕಿ ಬಿಡುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ನಮ್ಮ ಆಂಧ್ರದಲ್ಲೂ ಹಿಂದೂಪುರದ ಹತ್ತಿರ, ಕರ್ನಾಟಕದ ಗಡಿಗೆ ಅಂಟಿಕೊಂಡ ವೀರಾಪುರದವರು ಊರ ಮರಗಳಿಗೆ ಬರುವ ಬಣ್ಣದ ಕೊಕ್ಕರೆಗಳನ್ನು ಹೀಗೆಯೇ ಕಾಯುತ್ತಾರೆ.

ಆದ್ದರಿಂದ ಸದಸ್ಯರಲ್ಲಿ ವಿನಂತಿ: ನಿಮ್ಮೂರ ಕೆರೆಯಂಚಿನ ಮರದಲ್ಲಿ ಇಂಥ ಹಕ್ಕಿಗಳ ಗೂಡು ಕಂಡರೆ, ಮರಿ ಹಾರುವ ತನಕ ಕೊಂಬೆ ಕಡಿಯಲು ಬಿಡಬೇಡಿ. ಬಿದ್ದ ಮರಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಮಕ್ಕಳಿಗೆ ಗೂಡಬಾತು ಎಂಬ ಹೆಸರಿನ ಜೊತೆಗೆ ಹೆಜ್ಜಾರ್ಲೆ ಎಂಬುದನ್ನೂ ಕಲಿಸಿ.

– ಕಾರ್ಯದರ್ಶಿ